ನೆಲದ ಟಿಕೆಟ್ಟಿನ ಲಂಡನ್

ಮಿತವ್ಯಯದ ಪ್ರವಾಸವೆಂದರೆ ಅರೆಮನಸ್ಸಿನ ಪ್ರವಾಸವೆಂದು ನಮ್ಮಲ್ಲಿ ಅನೇಕರ ನಂಬಿಕೆ. ಒಂದು ಪೌಂಡಿಗೆ ನೂರಕ್ಕೂ ಹೆಚ್ಚು ರೂಪಾಯಿ ತೆರಬೇಕಾದ ಲಂಡನ್ನಿನ ಮಾತೆತ್ತಿದರಂತೂ ದಾವಣಗೆರೆಯ ನಮ್ಮ ವ್ಯಾಪಾರಿ ಮಿತ್ರರು ಲೆಕ್ಕದ ಪುಸ್ತಕವನ್ನೇ ಮುಚ್ಚಿಬಿಡುತ್ತಾರೆ. ಹರಿಹರದ ಸ್ನೇಹಿತರೊಬ್ಬರೊಡನೆ ಎಂಟು ದಿನ ಅಲ್ಲಿದ್ದ ನನಗೆ ತೋರಿದ್ದು ಬೇರೆ. ಅಲ್ಲಿ ದುಬಾರಿಯಾದದ್ದು ಮಲಗುವುದು ಮತ್ತು ಉಣ್ಣುವುದು, ನೋಡುವುದಲ್ಲ.

ಎಂಟು ಜನರಿಗೆ ಒಂದು ಕೋಣೆಯಿದ್ದ ಹಾಸ್ಟೆಲ್ಲಿನಲ್ಲಿ ಎರಡು ಹಾಸಿಗೆ ಹಿಡಿದೆವು. ಬೆಳಗಿನ ಉಪಾಹಾರಕ್ಕೆ ಊರಿನಿಂದ ಒಯ್ದ ಮಂಡಕ್ಕಿ, ಶೇಂಗಾ ಚಟ್ನಿಪುಡಿಗಳಿದ್ದವು. ಬಸ್ಸಿಗೆ ಒಮ್ಮೆ ಹಣ ತೆತ್ತರೆ ಒಂದು ಗಂಟೆಯೊಳಗೆ ಬೇರೆ ಬಸ್ಸು ಹತ್ತಲು ಮತ್ತೆ ತೆರಬೇಕಾಗಿಲ್ಲ. ಅದರ ಮಹಡಿಯ ಮುಂದಿನ ಆಸನವೇ ನಮ್ಮ ನಗರದರ್ಶನದ ರಥವಾಯಿತು.

ಬ್ರಿಟಿಷ್ ಮ್ಯೂಸಿಯಂ 1759ರಲ್ಲಿ ಬಾಗಿಲು ತೆರೆದದ್ದು ಉಚಿತ ಪ್ರವೇಶದೊಡನೆ. ಅದರ ಶಾಶ್ವತ ಸಂಗ್ರಹವನ್ನು ನೋಡಲು ಇಂದೂ ಶುಲ್ಕವಿಲ್ಲ. ಅಲ್ಲಿ ಅಮರಾವತಿಯ ಬೌದ್ಧ ಶಿಲ್ಪಗಳಿವೆ. ಹರಿಹರದ ಮಗ್ಗುಲಲ್ಲಿ ಹರಿಯುವ ತುಂಗಭದ್ರೆ ಹೋಗಿ ಸೇರುವ ಕೃಷ್ಣೆಯ ದಂಡೆಯವು ಅವು. ಸ್ನೇಹಿತರು ಬಹಳ ಹೊತ್ತು ಅವುಗಳ ಮುಂದೆ ನಿಂತಿದ್ದು, "ವಿಮಾನದ ದುಡ್ಡನ್ನೂ ಪ್ರವೇಶ ಶುಲ್ಕಕ್ಕೆ ಸೇರಿಸಿಕೊಳ್ಳಿ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಷೇಕ್ಸ್‌ಪಿಯರನ ಕಾಲದ ಗ್ಲೋಬ್ ರಂಗಮಂದಿರವನ್ನು ಹೋಲುವಂತೆ ಥೇಮ್ಸ್ ದಂಡೆಯಲ್ಲಿ ಮತ್ತೆ ಕಟ್ಟಿ, 1997ರಲ್ಲಿ ತೆರೆದಿದ್ದಾರೆ. ಸೂರಿಲ್ಲದ ಅಂಗಳದಲ್ಲಿ ನಿಂತು ನೋಡುವವರಿಗೆ ಅಲ್ಲಿ ದರ ಕಡಿಮೆ. ಮಳೆ ಬಂದರೆ ಕೊಡೆ ಬಿಚ್ಚುವಂತಿಲ್ಲ, ಕಾಲು ನೋಯುತ್ತದೆ; ಆದರೆ ರಂಗಕ್ಕೆ ತೀರ ಸಮೀಪದವರೂ ಇವರೇ. ಟೂರಿಂಗ್ ಟಾಕೀಸಿನ ನೆಲದ ಟಿಕೆಟ್ಟಿನಲ್ಲಿ ಬೆಳೆದ ನಮಗೆ ಇದು ಹೊಸತೇನಲ್ಲ. ನಟನೊಬ್ಬ ನಮ್ಮ ನಡುವೆಯೇ ದಾರಿ ಬಿಡಿಸಿಕೊಂಡು ರಂಗವೇರಿದಾಗ, ಮೇಲಿನ ಆಸನಗಳಲ್ಲಿ ಕುಳಿತವರ ಮೇಲೆ ನನಗೆ ಕನಿಕರವೇ ಆಯಿತು.

ಅದೇ ದಂಡೆಗುಂಟ ನಡೆಯುತ್ತ ಹೋದರೆ, ಪಾರ್ಲಿಮೆಂಟಿನ ಎದುರು ದಡದಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ಸಿಗುತ್ತದೆ. ಅದನ್ನು ಕಾಣಲು ಕಾಲ್ನಡಿಗೆಯೇ ಸಾಕು.

ಶುಲ್ಕವಿಲ್ಲದೆ ಸಿಕ್ಕುವುದಕ್ಕೆ ಬೆಲೆಯಿಲ್ಲವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ದಾವಣಗೆರೆಯಿಂದ ಹರಿಹರ ಸುಮಾರು 14 ಕಿಲೋಮೀಟರ್. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಅಲ್ಲಿದೆ. ಅದರ ಕಂಬಗಳನ್ನೂ ಶಾಸನಗಳನ್ನೂ ಒಂದು ಮಧ್ಯಾಹ್ನ ಕುಳಿತು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಲಂಡನ್ನಿಗೆ ಹೊರಡುವವರು ಮೊದಲು ಆ ಬಸ್ಸು ಹತ್ತಲಿ. ಕಡಿಮೆ ಹಣದಲ್ಲಿ ಪರದೇಶವನ್ನು ನೋಡಲು ಬೇಕಾದದ್ದು ನಿಧಾನವಾಗಿ ನೋಡುವ ಅಭ್ಯಾಸ. ಅದನ್ನು ಇಲ್ಲಿಯೇ ಕಲಿಯಬಹುದು.