ಎದುರು ಬರುವವರ ಕಣ್ಣು

ಮಳೆಗಾಲ ಬಂತು ಅಂದ್ರೆ ಶನಿವಾರ ಬೆಳಗಿನ ಜಾವ ಬೆಂಗಳೂರಿನಿಂದ ಬೈಕುಗಳು ಚಿಕ್ಕಮಗಳೂರಿನ ಕಡೆ ಸಾಲುಗಟ್ಟಿ ಹೊರಡ್ತವೆ. ಹಿಂದೆ ಸ್ಯಾಡಲ್ ಬ್ಯಾಗ್, ಮುಂದೆ ಕ್ರ್ಯಾಶ್ ಗಾರ್ಡ್, ಅದರ ಮೇಲೆ ಎರಡು ಎಲ್‌ಇಡಿ ಲೈಟು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಮಂಜು ಕವಿದರೆ ರಸ್ತೆಯೇ ಕಾಣಲ್ಲ. ಅಲ್ಲಿ ಹೆಚ್ಚುವರಿ ಬೆಳಕು ಶೋಕಿಯಲ್ಲ, ಅಗತ್ಯ. ಒಪ್ಪೋಣ.

ಆದರೆ ನನ್ನ ಪ್ರಶ್ನೆ ಬೇರೆ. ಆ ಲೈಟಿಗೆ ಎದುರಾಗಿ ಬರುವವರ ಗತಿ ಏನು?

ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ 2024ರ ಜುಲೈ 1ರಿಂದ ಕೇಸು ಹಾಕ್ತೀವಿ ಅಂದರು ನಮ್ಮ ರಾಜ್ಯದ ಪೊಲೀಸರು. ಅನುಮತಿಯಿಲ್ಲದೆ ಸ್ಪಾಟ್ ಲೈಟ್ ಹಾಕೋ ಹಾಗಿಲ್ಲ ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಹೇಳ್ತವೆ. ಸರಿ. ಆದ್ರೆ ಅದೇ ಲೈಟನ್ನು ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವಾಗ ಕೇಳೋರು ಯಾರೂ ಇಲ್ಲ, ಕೊಂಡವನಿಗೆ ಮಾತ್ರ ದಂಡ. ಇದು ಯಾವ ನ್ಯಾಯ?

ಹಾಗಂತ ಸವಾರ ನುಣುಚಿಕೊಳ್ಳೋ ಹಾಗಿಲ್ಲ. ಮಂಜು ಅಂದ್ರೆ ನೀರಿನ ಸಣ್ಣ ಹನಿಗಳು. ಜೋರು ಬೆಳಕನ್ನು ನೇರವಾಗಿ ಬಿಟ್ಟರೆ ಅದು ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತೆ. ಬೇಕಾಗಿರೋದು ಕೆಳಗೆ ಬೀಳುವ, ಅಗಲವಾಗಿ ಹರಡುವ ಬೆಳಕು. ಅದಕ್ಕೆ ಬೈಕನ್ನು ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ಬ್ಯಾಗು ಕಟ್ಟಿ, ಮೇಲೆ ಕೂತುಕೊಳ್ಳಿ. ಯಾಕಂದ್ರೆ ಹಿಂದೆ ಭಾರ ಬಿದ್ದಾಗ ಮುಂದಿನ ಬೆಳಕು ಮೇಲಕ್ಕೇಳುತ್ತೆ. ಲೈಟಿನ ಎತ್ತರಕ್ಕೆ ಗೋಡೆ ಮೇಲೆ ಗೆರೆ ಎಳೆಯಿರಿ. ಬೆಳಕಿನ ಮೇಲಂಚು ಆ ಗೆರೆಗಿಂತ 10 ಸೆಂಟಿಮೀಟರಾದರೂ ಕೆಳಗಿರಲಿ.

ಇನ್ನು ವೈರಿಂಗ್. 40 ವ್ಯಾಟಿನ ಎರಡು ಲೈಟು ಅಂದ್ರೆ 80 ವ್ಯಾಟ್. 12 ವೋಲ್ಟ್ ಬ್ಯಾಟರಿಯಿಂದ ಸುಮಾರು 7 ಆಂಪಿಯರ್ ಕರೆಂಟ್ ಎಳೆಯುತ್ತೆ. ಹೆಡ್‌ಲೈಟ್ ವೈರನ್ನು ಸುಲಿದು ಅದಕ್ಕೇ ಸುತ್ತಿದರೆ ವೈರು ಬಿಸಿಯಾಗಿ ಕರಗುತ್ತೆ, ಕತ್ತಲ ಘಾಟಿಯಲ್ಲಿ ಇರೋ ಹೆಡ್‌ಲೈಟೂ ಹೋಗಬಹುದು. ರಿಲೇ ಹಾಕಿಸಿ. ಬ್ಯಾಟರಿ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್ ಇರಲಿ. ಕೀ ತೆಗೆದಾಗ ಲೈಟೂ ಆರಬೇಕು, ಹಾಗೆ ಕನೆಕ್ಷನ್ ಕೊಡಿಸಿ.

ಎಲ್ಲರೂ ಮರೆಯೋದು ಇಂಡಿಕೇಟರನ್ನ. ಲೈಟ್ ಇರೋದು ನಾವು ನೋಡೋಕೆ, ಇಂಡಿಕೇಟರ್ ಇರೋದು ಇನ್ನೊಬ್ಬರಿಗೆ ಹೇಳೋಕೆ. ಚೆಂದ ಕಾಣಲಿ ಅಂತ ಬೆರಳುದ್ದದ ಎಲ್‌ಇಡಿ ಇಂಡಿಕೇಟರ್ ಹಾಕಿಸ್ತಾರೆ. ಅದು ಎಳೆಯೋ ಕರೆಂಟ್ ಕಮ್ಮಿ. ಹಾಗಾಗಿ ಬಲ್ಬ್ ಸುಟ್ಟಿದೆ ಅಂದುಕೊಂಡು ಹಳೇ ಫ್ಲ್ಯಾಶರ್ ಪಟಪಟ ಮಿನುಗುತ್ತೆ. ಎಲ್‌ಇಡಿಗೆ ಹೊಂದುವ ಫ್ಲ್ಯಾಶರ್ ಹಾಕಿಸಿದರೆ ನಿಮಿಷಕ್ಕೆ 60ರಿಂದ 120 ಸಲ, ಇರಬೇಕಾದ ಲೆಕ್ಕದಲ್ಲೇ ಮಿನುಗುತ್ತೆ. ಇಂಡಿಕೇಟರ್ ಪಕ್ಕದಲ್ಲೇ ಜೋರು ಲೈಟ್ ಇದ್ರೆ ಅದರ ಮಿನುಗು ಎದುರಿನವರಿಗೆ ಕಾಣೋದೇ ಇಲ್ಲ. ಹಿಂದಿನ ಇಂಡಿಕೇಟರನ್ನು ಬ್ಯಾಗು ಮುಚ್ಚಿರುತ್ತೆ. ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕಿಕೊಂಡು ಓಡಿಸೋರಂತೂ ಎಡಕ್ಕೋ ಬಲಕ್ಕೋ ಅನ್ನೋದನ್ನ ದೇವರಿಗೇ ಬಿಟ್ಟಿರ್ತಾರೆ.

ಪೊಲೀಸರ ಐನೂರು ರೂಪಾಯಿ ದಂಡಕ್ಕೆ ಹೆದರಿ ಇದನ್ನ ಮಾಡಬೇಡಿ. ಹೊರಡೋ ಮುಂಚೆ ಗೆಳೆಯನನ್ನು ಮೂವತ್ತು ಹೆಜ್ಜೆ ದೂರ ನಿಲ್ಲಿಸಿ. ಎಲ್ಲಾ ಲೈಟ್ ಹಾಕಿ, ಒಂದು ಕಡೆ ಇಂಡಿಕೇಟರ್ ಒತ್ತಿ, ಯಾವ ಕಡೆ ತಿರುಗ್ತೀನಿ ಅಂತ ಕೇಳಿ. ಅವನಿಗೆ ಗೊತ್ತಾಗಲಿಲ್ಲ ಅಂದ್ರೆ, ಘಾಟಿ ತಿರುವಿನಲ್ಲಿ ಎದುರು ಬರೋ ಬಸ್ಸಿನ ಡ್ರೈವರಿಗೂ ಗೊತ್ತಾಗಲ್ಲ. ಆ ಬಸ್ಸಲ್ಲಿ ಐವತ್ತು ಜನ ಇರ್ತಾರೆ.