ತೊಂದರೆ ಕಾಣುವುದೊಂದು ಕಡೆ, ಇರುವುದು ಕರುಳಿನಲ್ಲಿ



ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ರಕ್ತಹೀನತೆ ನೀಗದವರನ್ನು ನೀವು ಕಂಡಿರಬಹುದು. ಇಂಥವರಲ್ಲಿ ಕೆಲವರ ತೊಂದರೆ ಇರುವುದು ಕರುಳಿನಲ್ಲಿ. ಹೊಟ್ಟೆ ಕೆಟ್ಟರೆ ಮೈಯೆಲ್ಲ ಕೆಡುತ್ತದೆ ಎಂದು ನಾವೆಲ್ಲ ಆಡುತ್ತೇವಲ್ಲ, ಅದು ಹೇಗೆಂದು ಇವತ್ತು ಒಂದೇ ಕಾಯಿಲೆಯ ಮೂಲಕ ನೋಡೋಣ. ಅದರ ಹೆಸರು ಸೀಲಿಯಾಕ್.

ಲಂಡನ್ನಿನ ವೈದ್ಯ ಸ್ಯಾಮುಯೆಲ್ ಗೀ 1888ರಲ್ಲೇ ಇದನ್ನು ವಿವರಿಸಿ, ವಾಸಿಯಾಗುವುದಿದ್ದರೆ ಪಥ್ಯದಿಂದಲೇ ಎಂದಿದ್ದರು. ಯಾವ ಪಥ್ಯ ಎಂಬುದು ಆಗ ತಿಳಿದಿರಲಿಲ್ಲ. ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರಿಗೆ ಗೋಧಿಯ ಮೇಲೆ ಅನುಮಾನವಿತ್ತು. 1944-45ರ ಚಳಿಗಾಲದ ಬರಗಾಲದಲ್ಲಿ ಬ್ರೆಡ್ ಸಿಗದಾದಾಗ ಅವರ ಪುಟ್ಟ ರೋಗಿಗಳು ಚೇತರಿಸಿಕೊಂಡರು. ಅನುಮಾನ ಗಟ್ಟಿಯಾಯಿತು. 1950ರಲ್ಲಿ ಅವರು ಅದನ್ನು ಮಹಾಪ್ರಬಂಧವಾಗಿ ಮಂಡಿಸಿದರು.

ಸಣ್ಣ ಕರುಳಿನ ಒಳಗೋಡೆಯ ತುಂಬ ಪುಟ್ಟ ಬೆರಳುಗಳಂಥ ವಿಲ್ಲೈಗಳಿವೆ. ಆಹಾರದ ಸತ್ವ ಹೀರಿಕೊಳ್ಳುವುದು ಇವುಗಳ ಮೂಲಕ. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಕಂಡರೆ ಈ ರೋಗಿಗಳ ರೋಗನಿರೋಧಕ ವ್ಯವಸ್ಥೆ ಕೆರಳಿ, ತನ್ನದೇ ಕರುಳಿನ ಮೇಲೆ ಎರಗುತ್ತದೆ. ವಿಲ್ಲೈಗಳು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣ ಹೆಚ್ಚಾಗಿ ಹೀರಲ್ಪಡುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಪೆಟ್ಟು ಬೀಳುವುದೂ ಅಲ್ಲೇ. ಹಾಗಾಗಿ ರಕ್ತಹೀನತೆ. ಕ್ಯಾಲ್ಸಿಯಂ, ವಿಟಮಿನ್ ಡಿ ದಕ್ಕದೆ ಮೂಳೆ ಟೊಳ್ಳಾಗುತ್ತದೆ. ಮಕ್ಕಳ ಎತ್ತರ ಕುಂಠಿತವಾಗುತ್ತದೆ. ಕೆಲವರಿಗೆ ಮೊಣಕೈ, ಮೊಣಕಾಲುಗಳಲ್ಲಿ ತುರಿಸುವ ಗುಳ್ಳೆಗಳೇಳುತ್ತವೆ. ಇನ್ನು ಕೆಲವರಿಗೆ ಮಿದುಳಿನ ಸಮತೋಲದ ಭಾಗಕ್ಕೆ ಏಟು ಬಿದ್ದು ನಡಿಗೆಯೇ ತಪ್ಪುತ್ತದೆ. ಇವರಲ್ಲಿ ಎಷ್ಟೋ ಮಂದಿಗೆ ಭೇದಿಯಾಗಲಿ ಹೊಟ್ಟೆನೋವಾಗಲಿ ಇರುವುದೇ ಇಲ್ಲ. ರಕ್ತಕ್ಕೊಬ್ಬರು, ಮೂಳೆಗೊಬ್ಬರು, ಚರ್ಮಕ್ಕೊಬ್ಬರು ಎಂದು ಡಾಕ್ಟರುಗಳನ್ನು ಸುತ್ತುತ್ತಾರೆ. ಕರುಳಿನ ವಿಚಾರ ಕೇಳುವವರಿಲ್ಲ.

ನಮ್ಮ ದೇಶದಲ್ಲಿ ಈ ಕಾಯಿಲೆ ಗೋಧಿಯುಣ್ಣುವ ಉತ್ತರದಲ್ಲಿ ಹೆಚ್ಚು, ದಕ್ಷಿಣದಲ್ಲಿ ಬಹಳ ಕಡಿಮೆ. ಇದಕ್ಕೆ ಬೇಕಾದ ವಂಶವಾಹಿಗಳು ಮಾತ್ರ ದಕ್ಷಿಣದವರಾದ ನಮ್ಮಲ್ಲೂ ಇವೆ. ಸಕ್ಕರೆ ಕಾಯಿಲೆಗೆಂದು ಅನ್ನ, ಮುದ್ದೆ ಬಿಟ್ಟು ಚಪಾತಿ ಹಿಡಿದ ಮನೆಗಳು ಈಗ ಬೇಕಾದಷ್ಟಿವೆ, ಹಾಗಾಗಿ ಇಲ್ಲೂ ಈ ಕಾಯಿಲೆಯನ್ನು ಮರೆಯುವಂತಿಲ್ಲ. ಹಾಗೆಂದು ಗೋಧಿಗೆ ಎಲ್ಲರೂ ಹೆದರಬೇಕಿಲ್ಲ. ಬಹುಪಾಲು ಜನರಿಗೆ ಅದು ಒಳ್ಳೆಯ ಆಹಾರವೇ.

ಅನುಮಾನವಿದ್ದವರು ಒಂದು ಮಾತು ನೆನಪಿಡಿ: ಪರೀಕ್ಷೆಗೆ ಮುಂಚೆ ಗೋಧಿ ಬಿಡಬೇಡಿ. ಬಿಟ್ಟರೆ ಪರೀಕ್ಷೆ ಹುಡುಕುವ ರಕ್ತದಲ್ಲಿನ ಪ್ರತಿಕಾಯಗಳು ಇಳಿದು, ಇರುವ ರೋಗವೂ ಇಲ್ಲವೆಂದು ವರದಿ ಬರಬಹುದು. ರೋಗ ಖಚಿತವಾದರೆ ಪಥ್ಯ ಜೀವನಪರ್ಯಂತ. ಚಪಾತಿ, ಬನ್ನು, ಉಪ್ಪಿಟ್ಟಿನ ರವೆ ಬಿಟ್ಟರೆ ಸಾಲದು. ಅಂಗಡಿಯ ಹಿಂಗಿಗೂ ಎಷ್ಟೋ ವೇಳೆ ಗೋಧಿಹಿಟ್ಟು ಬೆರೆಸಿರುತ್ತಾರೆ, ಪೊಟ್ಟಣ ಓದಿಯೇ ಕೊಳ್ಳಿ. ರಾಗಿ, ಜೋಳ, ಅಕ್ಕಿ, ನವಣೆಗಳಲ್ಲಿ ಗ್ಲುಟೆನ್ ಇಲ್ಲ. ಗೋಧಿಯ ಗಿರಣಿಯಲ್ಲಿ ಬೀಸಿಸದಿದ್ದರೆ ಆಯಿತು. ಪಥ್ಯ ಕಟ್ಟುನಿಟ್ಟಾಗಿದ್ದರೆ ವಿಲ್ಲೈಗಳು ಮತ್ತೆ ಬೆಳೆಯುತ್ತವೆ, ನುಂಗಿದ ಕಬ್ಬಿಣ ಮೈಗೆ ಹತ್ತುತ್ತದೆ.