ಕಾಮಾಲೆ ಕೊಟ್ಟ ಸುಳಿವು

ರುಮಟಾಯ್ಡ್ ಸಂಧಿವಾತ ಹಿಡಿದರೆ ಬಿಡದು ಎಂದು ವೈದ್ಯರೇ ನಂಬಿದ್ದ ಕಾಲ. 1929ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಕೀಲುರೋಗ ತಜ್ಞ ಫಿಲಿಪ್ ಹೆಂಚ್ ಅವರಿಗೆ ರೋಗಿಯೊಬ್ಬರು ಹೇಳಿದರು: ಕಾಮಾಲೆ ಬಂದ ಮೇಲೆ ಕೀಲುನೋವು ಇಳಿದಿದೆ. ಹೆಂಚ್ ಆ ಮಾತನ್ನು ತಳ್ಳಿಹಾಕಲಿಲ್ಲ. ಗರ್ಭಿಣಿಯರಲ್ಲೂ ನೋವು ತಗ್ಗುವುದನ್ನು ಗಮನಿಸಿದರು. ದೇಹವೇ ಏನೋ ಮದ್ದು ಅರೆಯುತ್ತಿದೆ ಎಂದು ಊಹಿಸಿ, ರಸಾಯನಶಾಸ್ತ್ರಜ್ಞ ಕೆಂಡಾಲ್ ಜೊತೆ ಹುಡುಕುತ್ತಲೇ ಹೋದರು. 1948ರ ಸೆಪ್ಟೆಂಬರಿನಲ್ಲಿ, ನಡೆಯಲು ಒದ್ದಾಡುತ್ತಿದ್ದ 29ರ ಮಹಿಳೆಗೆ ಕಾರ್ಟಿಸೋನ್ ಎಂಬ ಹಾರ್ಮೋನಿನ ಚುಚ್ಚುಮದ್ದು ಕೊಟ್ಟರು; ಕೆಲವೇ ದಿನಗಳಲ್ಲಿ ಆಕೆ ಸಲೀಸಾಗಿ ನಡೆದಾಡಿದರು.

1950ರಲ್ಲಿ ಹೆಂಚ್ ಅವರಿಗೆ ನೊಬೆಲ್ ಬಂತು. ರೋಗಿಯ ಮಾತಿಗೆ ಅವರು ಅಷ್ಟು ವರ್ಷ ಕೊಟ್ಟ ಬೆಲೆ ನನಗೆ ಅದಕ್ಕಿಂತ ದೊಡ್ಡದು. ಆದರೆ ಈ ಔಷಧ ನಿಲ್ಲಿಸಿದರೆ ನೋವು ಮರಳುತ್ತಿತ್ತು, ಹೆಚ್ಚಾದರೆ ಮುಖ ಊದುತ್ತಿತ್ತು. ಈ ರೋಗದಲ್ಲಿ ದೇಹದ ತನ್ನದೇ ಕೀಲಿನ ಮೇಲೆರಗುವ ರೋಗನಿರೋಧಕ ಶಕ್ತಿಯನ್ನು ಹದದಲ್ಲಿಡಲು ತಜ್ಞರು ಇಂದಿಗೂ ದುಡಿಯುತ್ತಿದ್ದಾರೆ. ಬೆಳಗ್ಗೆ ಎದ್ದಾಗ ಬೆರಳುಗಳು ತಾಸುಗಟ್ಟಲೆ ಬಿಗಿದಿದ್ದರೆ, ವಾಯು ಎಂದು ಸುಮ್ಮನಿರಬೇಡಿ, ವೈದ್ಯರಿಗೆ ಹೇಳಿ.